ಹತಾರದ ಲೆಕ್ಕ: ಕಾಯ್ದೆಯಲ್ಲಿ ಮತ್ತು ಲಾವಣಿಯಲ್ಲಿ



ಸಾಂಗ್ಲಿಯಲ್ಲಿ ಕೂತು ಹಲಗಲಿಯ ಮಾತಾಡೋದು ಅಸಂಗತವೇನಲ್ಲ. 1857ರಲ್ಲಿ ಸಾಂಗ್ಲಿ, ಮಿರಜ, ಜಮಖಂಡಿ, ಮುಧೋಳ ಎಲ್ಲವೂ ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಗಳೇ. ತೇರದಾಳ, ಶಿರಹಟ್ಟಿ ಸಾಂಗ್ಲಿಯ ಪಟವರ್ಧನರ ಕೈಯಲ್ಲಿದ್ದವು. ಹಲಗಲಿ ಮುಧೋಳದ ಘೋರ್ಪಡೆಯವರದು.

ಆ ವರ್ಷದ ಸೆಪ್ಟೆಂಬರ್‌ನಲ್ಲಿ ಕಂಪನಿ ಸರಕಾರ 28ನೇ ಕಾಯ್ದೆ ತಂದಿತು. ನಾವು ಶಾಲೆಯಲ್ಲಿ ಓದಿದ್ದು 'ನಿಶ್ಶಸ್ತ್ರೀಕರಣ ಕಾಯ್ದೆ' ಅಂತ. ಆದರೆ ಅದರ ಹೆಸರಿನಲ್ಲಿ ಮೊದಲು ಬರುವುದು ಆಯುಧಗಳ ಆಮದು, ತಯಾರಿಕೆ, ಮಾರಾಟ. ಇಟ್ಟುಕೊಳ್ಳುವ ಹಕ್ಕಿನ ಮಾತು ಆಮೇಲೆ. ಅಂದರೆ ಸರಕಾರದ ಕಣ್ಣು ಬೇಡನ ಕೈಯಲ್ಲಿದ್ದ ಬಂದೂಕಿನ ಮೇಲಷ್ಟೇ ಅಲ್ಲ, ಅದು ಅವನ ಕೈಗೆ ಬಂದ ದಾರಿಯ ಮೇಲೂ ಇತ್ತು.

ಲಾವಣಿಯಲ್ಲಿ ಈ ದಾರಿ ಇಲ್ಲ. ಮಾಡಿದ ಕಮ್ಮಾರ, ಮದ್ದು ಮಾರಿದ ವ್ಯಾಪಾರಿ, ನಡುವಿನ ದಲಾಲಿ, ಯಾರೂ ಇಲ್ಲ. ವಿಲಾಯಿತಿಯಿಂದ ಹುಕುಂ ಬಂತು, ಹತಾರ ಕೊಡಬೇಕು, ಅಷ್ಟೇ. ಇದನ್ನು ಲಾವಣಿಕಾರನ ಅಜ್ಞಾನ ಅನ್ನೋಕೆ ನಾನು ತಯಾರಿಲ್ಲ. ಪರವಾನಿಗೆ ಅಂದರೂ ದಾಖಲೆ ಅಂದರೂ ಹಲಗಲಿಯ ಅಂಗಳದಲ್ಲಿ ಅದರ ಅರ್ಥ ಒಂದೇ ಆಗಿತ್ತು. ನವೆಂಬರ್ ಕೊನೆಗೆ ದಂಡು ಬಂತು, ಊರು ಸುಟ್ಟಿತು, ಡಿಸೆಂಬರ್‌ನಲ್ಲಿ 19 ಮಂದಿಗೆ ಗಲ್ಲು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಲೂಟಿಯ ಭಾಗ. ಅಲ್ಲಿ ಲಾವಣಿಕಾರ ಒಂದೊಂದೇ ಎಣಿಸುತ್ತಾನೆ: ಕೊಡಲಿ, ಮೊಸರು, ಜೀರಿಗೆ, ಮಂಗಳಸೂತ್ರ, ಕೊನೆಗೆ ಬೀಸುವ ಕಲ್ಲೂ ಹೋಯಿತು. ನಮ್ಮಲ್ಲಿ ಇದನ್ನು ಕರುಣರಸ ಅಂತ ಬರೆದು ಮುಗಿಸ್ತೇವೆ. ನನಗಿದು ಒಂದು ರಿಜಿಸ್ಟರ್ ಅನ್ನಿಸುತ್ತದೆ. ಸರಕಾರ ಹತಾರದ ಲೆಕ್ಕ ಕೇಳಿತು. ಊರು ತಾನು ಕಳೆದುಕೊಂಡದ್ದರ ಲೆಕ್ಕ ಬರೆಸಿತು. ಸರಕಾರದ ಪಟ್ಟಿಗೆ ಬೀಸುವ ಕಲ್ಲು ಎಂದೂ ಬರುವುದಿಲ್ಲ.

ಹಾಗಂತ ಲೆಕ್ಕ ಕೇಳುವುದೇ ತಪ್ಪು ಅನ್ನಲಾರೆ. 1878ರ ಕಾಯ್ದೆ ದಾಟಿ ಈಗಿರುವುದು 1959ರದ್ದು. ಅದರ 5ನೇ ಕಲಮಿನ ಪ್ರಕಾರ ಪರವಾನಿಗೆ ಇಲ್ಲದೆ ಬಂದೂಕು ಮಾಡುವಂತಿಲ್ಲ, ಮಾರುವಂತಿಲ್ಲ, ಮಾರಾಟಕ್ಕಿಡುವಂತೆಯೂ ಇಲ್ಲ. ಸ್ವಂತಕ್ಕೆ ಇಟ್ಟುಕೊಂಡ ಬಂದೂಕನ್ನು ಪರವಾನಿಗೆ ಇರುವ ಇನ್ನೊಬ್ಬರಿಗೆ ಕೊಡಬೇಕಾದರೂ ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ, 45 ದಿನ ಕಾಯಬೇಕು. ಕೊಳ್ಳುವವರ ಹೆಸರು, ವಿಳಾಸ ಕೊಡಬೇಕು. 2019ರ ತಿದ್ದುಪಡಿ ಇದೇ ಕಲಮಿಗೆ 'ಪಡೆಯುವುದು, ಸಂಪಾದಿಸುವುದು' ಎಂಬ ಮಾತುಗಳನ್ನೂ ಸೇರಿಸಿತು. ಲಾವಣಿಯಲ್ಲಿ ಕಾಣದ ಆ ನಡುವಿನವನನ್ನು ಹಿಡಿಯಲು ಇಷ್ಟೆಲ್ಲ ಬೇಕೇ ಬೇಕು. ದಲಾಲಿಯ ಲೆಕ್ಕ ಇಲ್ಲದ ಕಡೆ ಬಂದೂಕು ಯಾರ ಮನೆ ಸೇರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಜತ್ತ ಕಡೆ ಹೊಲ ಕಾಯಲು ಪರವಾನಿಗೆಯ ಬಂದೂಕು ಇಟ್ಟುಕೊಂಡ ಹಿರಿಯರೊಬ್ಬರಿದ್ದರು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಚೀಟಿ ತರಬೇಕು. ಬಂದೂಕು ಖಂಡಿತ ವಾಪಸ್ ಬರುತ್ತಿತ್ತು. ಆದರೂ ಹೋಗುವಾಗ ಅವರು 'ಜಮಾ ಮಾಡಿ ಬರ್ತೇನಿ' ಅಂದದ್ದು ನಾನು ಕೇಳಿಲ್ಲ. 'ಕಸಗೊಂಡ್ರಪಾ' ಅಂತಲೇ ಅನ್ನುತ್ತಿದ್ದರು.