ನೆಲೆ ಕದಲಿದ ಅರಸುಮನೆಗಳು

ಬೆಂಗಳೂರಿನ ಪಡುವಣ ದಿಕ್ಕಿನಲ್ಲಿ ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ಹಬ್ಬಿರುವ ವಿಜಯನಗರವೆಂಬ ಬಡಾವಣೆಯು ಹಂಪೆಯ ಪ್ರಾಚೀನ ರಾಜಧಾನಿಯ ಹೆಸರನ್ನು ಹೊತ್ತಿರುವುದು ಸರ್ವವಿದಿತವಾದ ವಿಷಯವು. ಹೊಸಹಳ್ಳಿ, ಅತ್ತಿಗುಪ್ಪೆ, ಮಾರೇನಹಳ್ಳಿ ಮೊದಲಾದ ಗ್ರಾಮಗಳಿದ್ದ ಈ ಪ್ರದೇಶದ ನಿವಾಸಿಗಳಲ್ಲಿ ಬಹುಮಂದಿ ನಾನಾ ಸೀಮೆಗಳಿಂದ ಬಂದು ನೆಲಸಿದವರಾಗಿದ್ದಾರೆ. ಒಂದು ಬೀದಿಯ ಬಾಡಿಗೆಯ ಮನೆಯಿಂದ ಮತ್ತೊಂದು ಬೀದಿಗೆ ಪಾತ್ರೆ ಪದಾರ್ಥಗಳನ್ನು ಸಾಗಿಸಿ, ಹೊಸ ನೆರೆಯವರ ಮುಖವನ್ನು ಪರಿಚಯಮಾಡಿಕೊಳ್ಳದ ಕುಟುಂಬವು ಇಲ್ಲಿ ಅಪೂರ್ವ. ಇದನ್ನು ಹಣೆಬರಹವೆಂದು ಹಳಿದುಕೊಳ್ಳುವವರುಂಟು. ಆದರೆ ಬಡಾವಣೆಗೆ ಹೆಸರು ಕೊಟ್ಟ ಸಿಂಹಾಸನವೇ ಎಷ್ಟು ಸಲ ಗಂಟುಮೂಟೆ ಕಟ್ಟಿತೆಂಬುದನ್ನು ಸ್ಮರಿಸುವವರು ವಿರಳ.

1336ರಲ್ಲಿ ಸ್ಥಾಪಿತವಾಗಿ ಎರಡು ಶತಮಾನಗಳಿಗೂ ಮಿಕ್ಕು ವೈಭವದಿಂದ ಮೆರೆದ ಆ ಪಟ್ಟಣವು 1565ನೆಯ ಜನವರಿಯ ರಕ್ಕಸತಂಗಡಿ ಯುದ್ಧದಲ್ಲಿ ಅಳಿಯ ರಾಮರಾಯನು ಮಡಿಯಲಾಗಿ ದಿಕ್ಕಿಲ್ಲದಂತಾಯಿತು. ಅವನ ತಮ್ಮನಾದ ತಿರುಮಲನು ಹೆಸರಿಗೆ ಮಾತ್ರ ಅರಸನಾಗಿದ್ದ ಸದಾಶಿವರಾಯನನ್ನೂ ಭಂಡಾರವನ್ನೂ ಕರೆದೊಯ್ದು ಪೆನುಗೊಂಡೆಯನ್ನು ಸೇರಿದನು. ಮುಂದೆ ಇಮ್ಮಡಿ ವೆಂಕಟಪತಿರಾಯನ ಕಾಲದಲ್ಲಿ (1586–1614) ರಾಜಪೀಠವು ಚಂದ್ರಗಿರಿಗೂ ಅಲ್ಲಿಂದ ವೇಲೂರಿಗೂ ಸರಿಯಿತು. ಆ ವಂಶದ ಕಡೆಯ ಅರಸನಾದ ಮೂರನೆಯ ಶ್ರೀರಂಗರಾಯನಿಗೆ ವೇಲೂರೂ ಉಳಿಯಲಿಲ್ಲ. ಅವನ ಪಾಲಿಗೆ ಉಳಿದುದು ಬಿರುದುಗಳು ಮಾತ್ರ. ಅವನಿಗೆ ಬಾಗಿಲು ತೆರೆದವರು ಯಾರೆಂಬುದನ್ನು ಮುಂದೆ ನೋಡಬಹುದು.

ಬಡಾವಣೆಯ ಅಂಚಿನ ಮಾಗಡಿ ರಸ್ತೆಯಾದರೂ ಇಂತಹದೇ ಒಂದು ಸ್ಥಳಾಂತರದ ನೆನಪನ್ನು ತರುತ್ತದೆ. 1638ರಲ್ಲಿ ಬಿಜಾಪುರದ ಸೇನಾನಿಯಾದ ರಣದುಲ್ಲಾಖಾನನು ಬೆಂಗಳೂರನ್ನು ಹಿಡಿದಾಗ ಕೆಂಪೇಗೌಡರ ಮನೆತನವು ತನ್ನ ಹಿರಿಯರು ಕಟ್ಟಿದ ಊರನ್ನು ಬಿಟ್ಟು ಮಾಗಡಿಗೆ ಹೋಯಿತು. ಅಲ್ಲಿ ಸಾವನದುರ್ಗದ ಆಸರೆಯಲ್ಲಿ ಅದು 1728ರವರೆಗೆ ಬಾಳಿತು.

ಅದೇ ಖಾನನ ದಂಡು ಬೆಂಗಳೂರಿಗೆ ಬರುವ ಮುನ್ನ ಮಲೆನಾಡಿನ ಇಕ್ಕೇರಿಯ ಮೇಲೆ ಬಿದ್ದಿದ್ದಿತು. ವೀರಶೈವ ಪ್ರಭುಗಳಾದ ಕೆಳದಿಯ ನಾಯಕರ ಚರಿತ್ರೆಯಲ್ಲಿ ಇದು ಮುಖ್ಯವಾದ ತಿರುವು. ಸುಮಾರು 1499ರಲ್ಲಿ ಚೌಡಪ್ಪನಾಯಕನಿಂದ ಮೊದಲಾದ ಈ ಸಂಸ್ಥಾನದ ಮೂಲಸ್ಥಾನವು ಸಾಗರದ ಸಮೀಪದ ಕೆಳದಿ. ಅಲ್ಲಿಂದ ಇಕ್ಕೇರಿಗೆ ಹೋದುದು ದೊಡ್ಡ ಪಯಣವೇನಲ್ಲ, ಎರಡೂ ಸಾಗರದ ನೆರೆಯ ಊರುಗಳೇ. ಸಿರಿ ಹೆಚ್ಚಿದವನು ಹಳೆಯ ಮನೆಯ ಪಕ್ಕದಲ್ಲಿ ವಿಶಾಲವಾದ ಮನೆ ಕಟ್ಟಿದಂತೆ ಅದು. ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನು ಕಂಡವರಿಗೆ ಆ ಏಳಿಗೆಯ ಪ್ರಮಾಣವು ತಿಳಿಯುತ್ತದೆ. 1623ರಲ್ಲಿ ಪೋರ್ಚುಗೀಸರ ರಾಯಭಾರಿಯೊಡನೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆಯು ವೆಂಕಟಪ್ಪನಾಯಕನ ಈ ಪಟ್ಟಣವನ್ನು ಕಂಡು ತನ್ನ ಪತ್ರಗಳಲ್ಲಿ ವರ್ಣಿಸಿದ್ದಾನೆ. ಎರಡನೆಯ ಸ್ಥಳಾಂತರವು ಹಾಗಲ್ಲ. ಇಕ್ಕೇರಿಯು ಶತ್ರುವಿನ ಕೈಗೆ ಸಿಕ್ಕಿ ನೊಂದ ಬಳಿಕ ವೀರಭದ್ರನಾಯಕನು 1639ರ ಸುಮಾರಿಗೆ, ಬಿದಿರು ಮೆಳೆಗಳಿಂದ ಹೆಸರು ಪಡೆದ, ಬೆಟ್ಟಗಳು ಸುತ್ತುವರಿದ ಬಿದನೂರಿಗೆ ತನ್ನ ಪೀಠವನ್ನು ಸಾಗಿಸಿದನು. ಏಳಿಗೆಯಲ್ಲಿ ಮನೆ ಬದಲಿಸುವುದು ಬೇರೆ, ಅಂಜಿಕೆಯಲ್ಲಿ ಬದಲಿಸುವುದು ಬೇರೆ. ಈ ವಂಶಕ್ಕೆ ಎರಡರ ರುಚಿಯೂ ತಿಳಿಯಿತು.

ಸೋತು ಸೇರಿದ ಆ ಬಿದಿರಿನ ಹಳ್ಳಿಯೇ ಶಿವಪ್ಪನಾಯಕನ ಕಾಲಕ್ಕೆ (1645–1660) ಘಟ್ಟದ ಮೇಲಿನ ಮೆಣಸೂ ಅಕ್ಕಿಯೂ ಕರಾವಳಿಯ ರೇವುಗಳಿಗೆ ಇಳಿಯುವ ಐಶ್ವರ್ಯವಂತ ಪಟ್ಟಣವಾಯಿತು. ಭೂಮಿಯನ್ನು ಫಲಾನುಸಾರವಾಗಿ ವರ್ಗೀಕರಿಸಿ ಕಂದಾಯವನ್ನು ಗೊತ್ತುಮಾಡಿದ ‘ಶಿವಪ್ಪನಾಯಕನ ಶಿಸ್ತು’ ಇಲ್ಲಿಂದಲೇ ಪ್ರಸಿದ್ಧಿಗೆ ಬಂದುದು. ಇಷ್ಟಾದರೂ ಬಿದನೂರಿನ ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯಗಳಿಗೆ ಇಕ್ಕೇರಿ ವರಹ, ಇಕ್ಕೇರಿ ಹಣವೆಂಬ ಹಳೆಯ ಹೆಸರೇ ನಿಂತಿತು. ಬಿಟ್ಟು ಬಂದ ಊರನ್ನು ಪ್ರಜೆಗಳು ತಮ್ಮ ಸೊಂಟದ ಚೀಲದಲ್ಲಿ ಕಟ್ಟಿಕೊಂಡು ಓಡಾಡಿದರೆನ್ನಬಹುದು.

ನೆಲೆಗೆಟ್ಟ ಶ್ರೀರಂಗರಾಯನಿಗೆ ಆಶ್ರಯವಿತ್ತವನು ಈ ಶಿವಪ್ಪನಾಯಕನೇ. ಒಂದು ಕಾಲಕ್ಕೆ ಕೆಳದಿಯವರು ಯಾರ ಮಾಂಡಲಿಕರಾಗಿದ್ದರೋ ಆ ಸಿಂಹಾಸನದ ವಾರಸುದಾರನು ಅವರ ಮನೆಯ ಬಾಗಿಲಿಗೆ ಬಂದನು. ನಾಯಕನು ಅವನನ್ನು ಮರ್ಯಾದೆಯಿಂದ ಬರಮಾಡಿಕೊಂಡು ಬೇಲೂರಿನ ಕಡೆ ನಿಲ್ಲಿಸಿ, ಅವನ ಪಕ್ಷವಹಿಸಿ ಶ್ರೀರಂಗಪಟ್ಟಣವನ್ನೂ ಮುತ್ತಿದನು. ಆದರೆ ಅದು ಕೈಗೂಡಲಿಲ್ಲ. ಇದರಲ್ಲಿ ರಾಜ್ಯವಿಸ್ತಾರದ ಆಸೆಯೂ ಬೆರೆತಿತ್ತೆಂಬುದು ದಿಟ. ಆಸ್ಥಾನಕವಿಗಳು ಹೇಳುವಂತೆ ಎಲ್ಲವೂ ಧರ್ಮಬುದ್ಧಿಯೇ ಆಗಿರಲಿಲ್ಲ.

ರಾಣಿ ಚೆನ್ನಮ್ಮಾಜಿಯ ವಿಷಯದಲ್ಲಿ ಅಂತಹ ಲಾಭದ ಲೆಕ್ಕವು ಕಾಣದು. ಕೋಟಿಪುರದ ಸಿದ್ಧಪ್ಪಶೆಟ್ಟಿಯ ಮಗಳಾದ ಈಕೆಯು ವರ್ತಕರ ಮನೆಯಿಂದ ಅರಮನೆಗೆ ಬಂದವಳು. ಪತಿಯಾದ ಸೋಮಶೇಖರನಾಯಕನು ಚಿತ್ತಸ್ವಾಸ್ಥ್ಯ ಕಳೆದುಕೊಂಡು ಕೊಲೆಗೀಡಾದನು; ಬಿಜಾಪುರದ ದಂಡು ಬಿದನೂರಿನ ಮೇಲೆ ಬಂದಿತು. ಆಕೆಯು ರಾಜಧಾನಿಯನ್ನು ಬಿಟ್ಟು ಭುವನಗಿರಿಯೆಂಬ ಕವಲೇದುರ್ಗವನ್ನು ಸೇರಿ, ಬಲವನ್ನು ಕೂಡಿಸಿಕೊಂಡು ಬಿದನೂರಿಗೆ ಮರಳಿದಳು. 1672ರಿಂದ 1697ರವರೆಗೆ ಆಳಿದಳು. 1689ರಲ್ಲಿ ಸಂಭಾಜಿಯನ್ನು ಔರಂಗಜೇಬನು ಕೊಲ್ಲಿಸಲು, ಅವನ ತಮ್ಮನಾದ ರಾಜಾರಾಮನು ಪನ್ಹಾಳದಿಂದ ತಪ್ಪಿಸಿಕೊಂಡು ತೆಂಕಣ ಜಿಂಜಿಗೆ ಹೊರಟನು. ಅವನ ಪರಿವಾರವು ಲಿಂಗಾಯತ ಯಾತ್ರಿಕರ ವೇಷದಲ್ಲಿ ನಡೆಯಿತೆಂದು ಪ್ರತೀತಿಯುಂಟು. ಒಂದೆಡೆ ನಿಲ್ಲದೆ ಊರಿಂದೂರಿಗೆ ಸಂಚರಿಸುವ ಚರಜಂಗಮರನ್ನು ಯಾರೂ ಸಂದೇಹಿಸರಷ್ಟೆ! ಜಂಗಮನು ವ್ರತವಾಗಿ ಸ್ವೀಕರಿಸುವ ಅಲೆದಾಟವನ್ನು ರಾಜಕುಮಾರನು ಪ್ರಾಣಭಯದಿಂದ ತೊಟ್ಟುಕೊಂಡನು. ಮೊಗಲರ ಕೋಪವು ಎಂತಹದೆಂಬುದು ರಾಣಿಗೆ ತಿಳಿಯದ ಸಂಗತಿಯಲ್ಲ. ಬಿಜಾಪುರವೂ ಗೋಲ್ಕೊಂಡೆಯೂ 1686, 1687ರಲ್ಲಿ ಉರುಳಿದ್ದುವು. ಆದರೂ ಆಕೆಯು ಅವನನ್ನು ತನ್ನ ಸೀಮೆಯಲ್ಲಿ ಕಾಪಾಡಿ ಮುಂದಕ್ಕೆ ಸಾಗಗೊಟ್ಟಳು. ಬಾದಶಹನ ಸೈನ್ಯವು ಕೆಳದಿಯ ರಾಜ್ಯಕ್ಕೆ ನುಗ್ಗಿತು. ಕಾದಾಟವಾಗಿ, ಕಡೆಗೆ ದಂಡವನ್ನು ತೆತ್ತು ಸಂಧಿಯಾಯಿತು. ಅಷ್ಟರಲ್ಲಿ ರಾಜಾರಾಮನು ಜಿಂಜಿಯನ್ನು ಮುಟ್ಟಿದ್ದನು. ತಾನೇ ಅರಮನೆ ಬಿಟ್ಟು ಕಾಡಿನ ಕೋಟೆಯಲ್ಲಿ ದಿನಗಳೆದವಳಿಗೆ, ಬಾಗಿಲಲ್ಲಿ ನಿಂತವನ ಸಂಕಟವನ್ನು ಮತ್ತೊಬ್ಬರು ವಿವರಿಸಬೇಕಾಗಿರಲಿಲ್ಲ.

ಆಕೆಯ ದತ್ತುಪುತ್ರನಾದ ಬಸವಪ್ಪನಾಯಕನು 1709ರಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವು ಸಕಲ ಶಾಸ್ತ್ರಗಳನ್ನೂ ಒಳಗೊಂಡ ಸಂಸ್ಕೃತ ಗ್ರಂಥವಾಗಿ ಆ ವಂಶದ ಕೀರ್ತಿಯನ್ನು ಕೋಟೆಗಳಿಗಿಂತ ಚೆನ್ನಾಗಿ ಕಾಪಾಡಿದೆ.

1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು. ರಾಣಿ ವೀರಮ್ಮಾಜಿಯು ರಾಜಧಾನಿಯಿಂದ ಓಡಿಹೋಗಿಯೂ ಸೆರೆಸಿಕ್ಕಿ ದೂರದ ಮಧುಗಿರಿಯ ದುರ್ಗಕ್ಕೆ ಒಯ್ಯಲ್ಪಟ್ಟಳು. ಚೆನ್ನಮ್ಮಾಜಿಯು ಮರಾಠರ ರಾಜಕುಮಾರನನ್ನು ಕಾಪಾಡಿ 78 ವರ್ಷಗಳಾದ ಮೇಲೆ, 1767ರಲ್ಲಿ, ಮರಾಠರ ಪೇಶ್ವೆ ಮಾಧವರಾಯನು ಮಧುಗಿರಿಯನ್ನು ಗೆದ್ದು ಕೆಳದಿಯ ರಾಣಿಯನ್ನು ಬಿಡಿಸಿದನು. ಪುಣೆಗೆ ಕರೆದೊಯ್ಯುವಾಗ ಆಕೆಯು ದಾರಿಯಲ್ಲಿಯೇ ಲಿಂಗೈಕ್ಯಳಾದಳು.

ಬಿದನೂರು ಹೈದರನಗರವಾಗಿ, ಬಳಿಕ ಬರಿಯ ನಗರವೆನಿಸಿತು. ಟಂಕಸಾಲೆಯ ಕೆಲಸ ಮಾತ್ರ ನಿಲ್ಲಲಿಲ್ಲ. ಹೈದರನು ಅಚ್ಚುಹಾಕಿಸಿದ ವರಹದ ಒಂದು ಮುಖದಲ್ಲಿ ಇಕ್ಕೇರಿಯ ನಾಣ್ಯದ ಶಿವಪಾರ್ವತಿಯರು ಹಾಗೆಯೇ ಉಳಿದರು. ಇನ್ನೊಂದು ಮುಖದಲ್ಲಿ ಅವನ ಹೆಸರಿನ ಮೊದಲಕ್ಷರವು ಬಿದ್ದಿತು.