ಪಾಳುಬಿದ್ದ ಬಸದಿಗಳ ಛಾಯಾಚಿತ್ರ ದಾಖಲೆ

ಪೂಜೆ ನಿಂತುಹೋದ, ಶ್ರಾವಕರ ಮನೆಗಳಿಲ್ಲದ ಊರುಗಳಲ್ಲಿ ಉಳಿದಿರುವ ಬಸದಿ, ಮಾನಸ್ತಂಭ, ನಿಷಿಧಿ ಕಲ್ಲು, ಶಾಸನಗಳ ಚಿತ್ರ ತೆಗೆದು ವಿವರಸಹಿತ ಕಾಪಾಡುವುದೇ ಛಾಯಾಚಿತ್ರ ದಾಖಲೆ. ಇಂತಹ ಬಸದಿಗಳಲ್ಲಿ ಕೆಲವು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಉಳಿದವು ಹೊಲದ ಬದುವಿನಲ್ಲಿ, ಕಾಡಿನಲ್ಲಿ ಯಾರ ಗಮನಕ್ಕೂ ಬಾರದೆ ನಿಂತಿವೆ. ಮಳೆಗಾಲದಲ್ಲಿ ಒಂದು ಗೋಡೆ ಕುಸಿದರೆ ಅದು ಹೇಗಿತ್ತೆಂದು ಹೇಳಲು ಉಳಿಯುವುದು ಚಿತ್ರ ಮಾತ್ರ.

ಹಂಪಿಯ ಉದಾಹರಣೆ

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಯ ಪಾಳು ಗುಡಿಗಳ ಚಿತ್ರಗಳನ್ನು ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದನು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಏನು ಉಳಿದಿದೆ, ಏನು ಹೋಗಿದೆ ಎಂಬುದು ತಿಳಿಯುತ್ತದೆ. ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವಿತ್ತೆಂಬುದಕ್ಕೆ ಗ್ರೀನ್‌ಲಾನ ಚಿತ್ರವೇ ಸಾಕ್ಷಿ. ಇಂದು ಆ ಶಿಖರವಿಲ್ಲ.

ಕಮಲಾಪುರದ ಬಳಿಯ ಗಾಣಗಿತ್ತಿ ಬಸದಿ ಇನ್ನೊಂದು ಪಾಠ. ಜನರ ಬಾಯಲ್ಲಿ ಅದು ಗಾಣಗಿತ್ತಿಯ ಗುಡಿ. ಮುಂದಿನ ಕಂಬದ ಶಾಸನದ ಪ್ರಕಾರ ಅದು ಎರಡನೆಯ ಹರಿಹರನ ದಂಡನಾಯಕ ಇರುಗನು 1385ರಲ್ಲಿ ಕಟ್ಟಿಸಿದ ಕುಂಥು ಜಿನನಾಥರ ಚೈತ್ಯಾಲಯ. ಕಂಬವನ್ನು ಬಿಟ್ಟು ಗುಡಿಯನ್ನಷ್ಟೇ ತೆಗೆದವರಿಗೆ ಈ ಹೆಸರು ಸಿಗುವುದಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಆಗಿದೆ. ಹೇಮಕೂಟದ ಮೆಟ್ಟಿಲು ಶಿಖರದ ಗುಡಿಗಳನ್ನು ಬಹುಕಾಲ ಜೈನ ಗುಡಿಗಳೆಂದು ಬರೆಯಲಾಯಿತು. ಅವು ಶಿವನ ಗುಡಿಗಳು. ಶಿಖರ ನೋಡಿ ಹೆಸರು ಬರೆಯಬಾರದು.

ಏನೇನು ತೆಗೆಯಬೇಕು

1. ದೂರದಿಂದ ಇಡೀ ಕಟ್ಟಡ, ನಂತರ ನಾಲ್ಕೂ ದಿಕ್ಕಿನಿಂದ ಒಂದೊಂದು. ಶರಾವತಿ ದಡದ ಕಾಡಿನಲ್ಲಿರುವ ಗೇರುಸೊಪ್ಪೆಯ ಚತುರ್ಮುಖ ಬಸದಿಯಂತಹ ಕಡೆ ನಾಲ್ಕೂ ಬಾಗಿಲು ಒಂದೇ ರೀತಿ ಕಾಣುವುದರಿಂದ ಯಾವುದು ಯಾವ ದಿಕ್ಕು ಎಂದು ಅಲ್ಲೇ ಬರೆದುಕೊಳ್ಳಬೇಕು.
2. ಬಾಗಿಲ ಮೇಲಿನ ಪಟ್ಟಿ. ಅಲ್ಲಿ ಜಿನಬಿಂಬವಿದ್ದರೆ ಬಸದಿಯೆಂಬುದಕ್ಕೆ ಮುಖ್ಯ ಗುರುತು.
3. ಬಿಂಬದ ಮುಕ್ಕೊಡೆ ಮತ್ತು ಪೀಠದ ಲಾಂಛನ. ವೃಷಭವಾದರೆ ಆದಿನಾಥರು, ಜಿಂಕೆಯಾದರೆ ಶಾಂತಿನಾಥರು, ಆಡಾದರೆ ಕುಂಥುನಾಥರು, ಸಿಂಹವಾದರೆ ಮಹಾವೀರರು. ಲಾಂಛನ ಸವೆದಿದ್ದರೆ ಊಹಿಸಿ ಹೆಸರಿಡದೆ ‘ತೀರ್ಥಂಕರ’ ಎಂದಷ್ಟೇ ಬರೆಯಬೇಕು.
4. ಶಾಸನ ಮತ್ತು ನಿಷಿಧಿ ಕಲ್ಲು. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಅಕ್ಷರ ಎದ್ದು ಕಾಣುತ್ತದೆ. ಅಳತೆಗೆ ಪಕ್ಕದಲ್ಲಿ ಅಡಿಪಟ್ಟಿ ಇಡಬೇಕು.
5. ಬಿರುಕು, ಬೇರು ಬಿಟ್ಟ ಮರ, ನಿಧಿ ಆಸೆಗೆ ಅಗೆದ ಗುಂಡಿ. ಇವನ್ನು ಬಿಟ್ಟು ಚೆಂದದ ಭಾಗ ಮಾತ್ರ ತೆಗೆದರೆ ಜೀರ್ಣೋದ್ಧಾರಕ್ಕೆ ಅದು ಉಪಯೋಗಕ್ಕೆ ಬಾರದು.

ಮಾಡಬಾರದ್ದು

ಅಕ್ಷರ ಕಾಣಲೆಂದು ಸೀಮೆಸುಣ್ಣ, ಎಣ್ಣೆ, ಹಿಟ್ಟು ಬಳಿಯಬಾರದು. ಬಿದ್ದ ಕಲ್ಲನ್ನು ಚಿತ್ರಕ್ಕಾಗಿ ಎತ್ತಿ ನಿಲ್ಲಿಸಬಾರದು. ಅದು ಬಿದ್ದಿರುವ ಜಾಗವೂ ಒಂದು ಸಾಕ್ಷಿ. ಬಾವಲಿ, ಜೇನು ಇದ್ದರೆ ಹೊಗೆ ಹಾಕಿ ಓಡಿಸಬಾರದು. ಪೂಜೆಯಿಲ್ಲದಿದ್ದರೂ ಅದು ಬಸದಿಯೇ. ಪಾದರಕ್ಷೆ ಹೊರಗೆ ಬಿಡಬೇಕು. ಒಂಟಿಯಾಗಿ ಹೋಗಬಾರದು. ಊರಿನ ಹಿರಿಯರಿಗೆ ತಿಳಿಸಿ, ಸಾಧ್ಯವಾದರೆ ಅವರನ್ನೇ ಜೊತೆಗೆ ಕರೆದೊಯ್ದರೆ ಅನುಮಾನವೂ ಇರದು, ಹಳೆಯ ಹೆಸರುಗಳೂ ಸಿಗುತ್ತವೆ.

ಕಾನೂನು

ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆ ಅನ್ವಯಿಸುತ್ತದೆ. ಅವುಗಳಿಗೆ ಹಾನಿ ಮಾಡಿದವರಿಗೆ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಅಲ್ಲಿ ಕ್ಯಾಮೆರಾ ಸ್ಟ್ಯಾಂಡ್, ಡ್ರೋನ್ ಬಳಸಲು ಮುಂಚೆಯೇ ಅನುಮತಿ ಬೇಕು. ಬಿಡಿಯಾಗಿ ಬಿದ್ದ ಬಿಂಬ ಕಂಡರೆ ಭಕ್ತಿಯಿಂದಲಾದರೂ ಮನೆಗೆ ತರಬಾರದು. ಅಲ್ಲಿಯೇ ಚಿತ್ರ ತೆಗೆದು ತಹಶೀಲ್ದಾರರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಬೇಕು.

ಚಿತ್ರಗಳನ್ನು ಇಡುವ ಕ್ರಮ

ದಿನಾಂಕವಿಲ್ಲದ ರಸೀದಿ ಲೆಕ್ಕಕ್ಕೆ ಬಾರದು. ಚಿತ್ರವೂ ಹಾಗೆಯೇ. ಪ್ರತಿ ಚಿತ್ರಕ್ಕೂ ಊರು, ತಾಲ್ಲೂಕು, ದಿಕ್ಕು, ದಿನಾಂಕ, ತೆಗೆದವರ ಹೆಸರು ಬರೆಯಬೇಕು. ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಮೂಲ ವಿವರವೂ ಅಳಿಯುತ್ತದೆ; ಡಾಕ್ಯುಮೆಂಟ್ ರೂಪದಲ್ಲಿ ಕಳಿಸಬೇಕು. ಮೂಲ ಚಿತ್ರಗಳ ಪ್ರತಿ ಎರಡು ಕಡೆ ಇರಲಿ.

ಒಂದು ಎಚ್ಚರಿಕೆ ಮುಖ್ಯ. ಮೊಬೈಲ್ ಚಿತ್ರದೊಳಗೆ ಸ್ಥಳದ ಗುರುತು ಸೇರಿರುತ್ತದೆ. ಕಾವಲಿಲ್ಲದ ಬಸದಿಯ ಬಿಂಬವನ್ನು ಸ್ಥಳಸಹಿತ ಎಲ್ಲರಿಗೂ ಹಂಚಿದರೆ ಕಳ್ಳರಿಗೆ ದಾರಿ ತೋರಿಸಿದಂತೆ. ಪೂರ್ಣ ವಿವರ ಇಲಾಖೆಗೆ ಮತ್ತು ಸಮೀಪದ ಮಠ ಅಥವಾ ಬಸದಿ ಸಮಿತಿಗೆ ಇರಲಿ; ಸಾರ್ವಜನಿಕರಿಗೆ ತಾಲ್ಲೂಕಿನ ಹೆಸರು ಸಾಕು.

ಬಿಂಬ ಕಳುವಾದರೆ ಅದು ತಮ್ಮ ಊರಿನದೇ ಎಂದು ಗುರುತಿಸಲು ಹಳೆಯ ಚಿತ್ರವೇ ಬಲವಾದ ಆಧಾರ. ಪೂರ್ವಜರ ಊರಿಗೆ ಹಬ್ಬ ಮದುವೆಗಳಿಗೆ ಹೋಗುವ ಕುಟುಂಬಗಳು ವರ್ಷಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ನಾಲ್ಕು ದಿಕ್ಕಿನ ನಾಲ್ಕು ಚಿತ್ರ ತೆಗೆದಿಟ್ಟರೂ ಅದೊಂದು ದಾಖಲೆಯಾಗುತ್ತದೆ.