ಹೆಸರಿನ ಕಾಲಂ: ಪ್ರಯಾಣಿಕರ ಪಟ್ಟಿಯ ಇನ್ನೂರು ವರ್ಷ



ನಾನು ಸಾಹಿತಿಯಲ್ಲ, ಇತಿಹಾಸದ ಮೇಷ್ಟರೂ ಅಲ್ಲ. ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್. ನಮ್ಮ ಕಸುಬಿನಲ್ಲಿ ಒಂದು ಅಭ್ಯಾಸವಿದೆ. ಲೆಕ್ಕದ ಪುಸ್ತಕದಲ್ಲಿ ಯಾವ ನಮೂದು ಕಂಡರೂ "ಇದರ ವೋಚರ್ ಎಲ್ಲಿ?" ಎಂದು ಕೇಳುತ್ತೇವೆ. ವಿಮಾನದ ಟಿಕೆಟ್ ತೆಗೆಯುವಾಗ ನಾವೆಲ್ಲ ಒಂದು ಫಾರಂ ತುಂಬುತ್ತೇವಲ್ಲ? ಪೂರ್ತಿ ಹೆಸರು, ಹುಟ್ಟಿದ ದಿನ, ಗಂಡೋ ಹೆಣ್ಣೋ, ಪಾಸ್‌ಪೋರ್ಟ್ ಸಂಖ್ಯೆ, ತುರ್ತು ಸಂಪರ್ಕದ ಫೋನು. ಈ ಕಾಲಂಗಳ ವೋಚರ್ ಹುಡುಕುವುದೇ ಇವತ್ತಿನ ನನ್ನ ಮಾತಿನ ಕೆಲಸ.

ಹುಡುಕಲು ಕಾರಣ ನನ್ನ ಅಪ್ಪ. ಅವರು ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಶಾಲಾ ಮೇಷ್ಟರಾಗಿದ್ದವರು. ಪಾಸ್‌ಪೋರ್ಟಿನಲ್ಲಿ ಅವರದು ಒಂದೇ ಹೆಸರು, ಸರ್‌ನೇಮ್ ಕಾಲಂ ಖಾಲಿ. ಕೆಲವು ವರ್ಷಗಳ ಹಿಂದೆ ಮೊಮ್ಮಗಳ ರಂಗಪ್ರವೇಶಕ್ಕೆಂದು ಅವರಿಗೆ ಟಿಕೆಟ್ ತೆಗೆದೆ. ಫಾರಂ ಸರ್‌ನೇಮ್ ಇಲ್ಲದೆ ಮುಂದೆ ಹೋಗಲು ಒಪ್ಪಲಿಲ್ಲ. ರಾತ್ರಿ ಹನ್ನೊಂದು ಗಂಟೆ, ಕಣ್ಣು ಎಳೆಯುತ್ತಿತ್ತು. ನಮ್ಮಜ್ಜನ ಹೆಸರನ್ನು ಅಲ್ಲಿ ತುಂಬಿ ದುಡ್ಡು ಕಟ್ಟಿಬಿಟ್ಟೆ. ವೀಸಾದಲ್ಲಿ ಒಂದು ಹೆಸರು, ಟಿಕೆಟಿನಲ್ಲಿ ಎರಡು. ಕೌಂಟರಿನವರು ಅಪ್ಪನನ್ನು ಹತ್ತಿಸಲಿಲ್ಲ. ಹಪ್ಪಳ, ಉಪ್ಪಿನಕಾಯಿಯ ಡಬ್ಬಿಗಳ ಸಮೇತ ಅವರು ಬೆಳಗಿನ ಬಸ್ಸಿಗೆ ಊರಿಗೆ ಮರಳಿದರು. ಊರವರ ಲೆಕ್ಕವೆಲ್ಲ ತಾಳೆ ನೋಡುವವನು ಅಪ್ಪನ ಹೆಸರನ್ನೇ ತಾಳೆ ನೋಡಿರಲಿಲ್ಲ. ತಪ್ಪು ನನ್ನದೇ. ಆದರೆ ಆ ಕಾಲಂ ಬಂದದ್ದೆಲ್ಲಿಂದ ಎಂಬ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು.

ಹಡಗಿನ ಕಾಲದಿಂದಲೇ ಶುರು ಮಾಡೋಣ. 1793ರಲ್ಲಿ, ಫ್ರಾನ್ಸಿನ ಕ್ರಾಂತಿಗೆ ಹೆದರಿದ್ದ ಬ್ರಿಟನ್ ಒಂದು ಕಾಯ್ದೆ ಮಾಡಿತು. ಹಡಗಿನಲ್ಲಿ ಯಾರ್‍ಯಾರು ವಿದೇಶಿಯರಿದ್ದಾರೆಂದು ಕಪ್ತಾನನೇ ಬರೆದುಕೊಡಬೇಕು. ಅಲ್ಲಿ ಪಟ್ಟಿಯ ಉದ್ದೇಶ ಅನುಮಾನ. ಅಮೆರಿಕ 1819ರಲ್ಲಿ ಮಾಡಿದ ಕಾಯ್ದೆಯ ಉದ್ದೇಶವೇ ಬೇರೆ. ಆಗ ಅಟ್ಲಾಂಟಿಕ್ ದಾಟುವ ಬಡವರನ್ನು ಹಡಗಿನ ಕೆಳ ಅಂತಸ್ತಿನಲ್ಲಿ ಮೂಟೆಗಳಂತೆ ತುಂಬುತ್ತಿದ್ದರು, ದಾರಿಯಲ್ಲೇ ಸಾಯುವವರು ಬಹಳ. ಹಡಗಿನ ಪ್ರತಿ 5 ಟನ್ನಿಗೆ 2 ಜನಕ್ಕಿಂತ ಹೆಚ್ಚು ಕರೆತರಬಾರದೆಂದು ಕಾಯ್ದೆ ಹೇಳಿತು. ಎಷ್ಟು ಜನ ಹತ್ತಿದರು, ಎಷ್ಟು ಜನ ಸತ್ತರು ಎಂದು ತಿಳಿಯಬೇಕಾದರೆ ಪಟ್ಟಿ ಬೇಕು. ಹಾಗಾಗಿ ಪ್ರತಿಯೊಬ್ಬರ ಹೆಸರು, ವಯಸ್ಸು, ಕಸುಬು, ದೇಶ ಬರೆದ ಪಟ್ಟಿಯನ್ನು ಕಪ್ತಾನ ಬಂದರಿನ ಸುಂಕದವರಿಗೆ ಕೊಡಬೇಕಾಯಿತು. ಇಲ್ಲಿ ಪ್ರಯಾಣಿಕನ ಲೆಕ್ಕವನ್ನು ಹಡಗಿನವನು ಒಪ್ಪಿಸಬೇಕಿತ್ತು.

ಒಂದೇ ಪಟ್ಟಿಗೆ ಹೀಗೆ ಎರಡು ಹುಟ್ಟು. ಒಂದು ಪ್ರಯಾಣಿಕನನ್ನು ಕಾಯಲು, ಇನ್ನೊಂದು ಅವನನ್ನು ಕಾಯುವ ನೆಪದಲ್ಲಿ ಅಳೆಯಲು. ಮುಂದಿನ ಇನ್ನೂರು ವರ್ಷ ಇವೆರಡೂ ಒಂದೇ ಹಾಳೆಯ ಮೇಲೆ ನಡೆದುಬಂದಿವೆ.

ಅಳೆಯುವ ಪಕ್ಕ ಬೇಗ ಬೆಳೆಯಿತು. 1891ರಲ್ಲಿ ಅಮೆರಿಕ ಇನ್ನೊಂದು ನಿಯಮ ತಂದಿತು. ತಿರಸ್ಕರಿಸಿದ ವಲಸಿಗನನ್ನು ಹಡಗು ಕಂಪನಿ ಸ್ವಂತ ಖರ್ಚಿನಲ್ಲಿ ವಾಪಸು ಒಯ್ಯಬೇಕು. 1893ರಲ್ಲಿ ಪಟ್ಟಿಯ ಪ್ರಶ್ನೆಗಳು ಹೆಚ್ಚಿದವು. ಓದು ಬರಹ ಬರುತ್ತದೆಯೇ? ಕೈಯಲ್ಲಿ 30 ಡಾಲರ್ ಇದೆಯೇ? ಟಿಕೆಟ್ಟಿಗೆ ದುಡ್ಡು ಕೊಟ್ಟವರು ಯಾರು? ಜೈಲಿಗೆ ಹೋಗಿದ್ದೆಯಾ? ಪಟ್ಟಿಯನ್ನು ಹೊರಡುವ ಬಂದರಿನಲ್ಲೇ ತುಂಬಿ, ಅಮೆರಿಕದ ಕಾನ್ಸುಲ್ ಮುಂದೆ ಪ್ರಮಾಣ ಮಾಡಬೇಕು.

ನಮ್ಮ ವೃತ್ತಿಯವರಿಗೆ ಈ ಉಪಾಯ ತಕ್ಷಣ ಗೊತ್ತಾಗುತ್ತದೆ. ಸಂಬಳದ ತೆರಿಗೆಯನ್ನು ಸರ್ಕಾರ ಮನೆಮನೆಗೆ ಬಂದು ವಸೂಲು ಮಾಡುವುದಿಲ್ಲ, ಕಂಪನಿಯಿಂದ ಮೂಲದಲ್ಲೇ ಕಡಿತ ಮಾಡಿಸುತ್ತದೆ. ತಪ್ಪಿದರೆ ದಂಡ ಕಂಪನಿಗೆ. ಇಲ್ಲೂ ಅಷ್ಟೆ. ಗಡಿಯ ಕೆಲಸ ಟಿಕೆಟ್ ಮಾರುವವನ ಮೇಜಿಗೆ ಬಂತು. ದಂಡದ ಭಯವಿರುವ ಗುಮಾಸ್ತ ಅನುಮಾನ ಬಂದವನನ್ನು ಹತ್ತಿಸುವುದೇ ಇಲ್ಲ. ಅಪ್ಪನನ್ನು ತಡೆದ ಕೌಂಟರಿನ ಹುಡುಗಿ ಯಾವ ಸರ್ಕಾರದ ಅಧಿಕಾರಿಯೂ ಅಲ್ಲ, ಆದರೆ ಅವಳ ಮೇಜಿನ ಹಿಂದೆ 1891 ಕೂತಿತ್ತು.

ಇನ್ನೊಂದು ಸ್ವಾರಸ್ಯ. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ವಲಸಿಗರ ಹೆಸರನ್ನು ಮನಬಂದಂತೆ ಬದಲಿಸಿದರೆಂಬ ಕತೆ ಅಮೆರಿಕದಲ್ಲಿ ಮನೆಮಾತು. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಅಲ್ಲಿನ ಅಧಿಕಾರಿ ಹೆಸರು ಬರೆದುಕೊಳ್ಳುತ್ತಲೇ ಇರಲಿಲ್ಲ, ಯೂರೋಪಿನಲ್ಲೇ ತುಂಬಿ ತಂದಿದ್ದ ಪಟ್ಟಿಗೆ ತಾಳೆ ನೋಡುತ್ತಿದ್ದ. ಕಾಗುಣಿತ ಕೆಟ್ಟಿದ್ದರೆ ಅದು ಹೆಚ್ಚಾಗಿ ಹೊರಟ ಕಡೆಯೇ ಕೆಟ್ಟದ್ದು. ಇಂದಿಗೂ ಹೆಸರು ಕೆಡುವುದು ಟಿಕೆಟ್ ತೆಗೆಯುವ ರಾತ್ರಿ ಹನ್ನೊಂದು ಗಂಟೆಗೆ.

ಈಗ ನಮ್ಮ ಕೊಲ್ಲಿಗೆ ಬರೋಣ. ವಿಮಾನ ಸಾಮಾನ್ಯವಾಗುವ ಮುಂಚೆ ಬೊಂಬಾಯಿಯಿಂದ ಇಲ್ಲಿಗೆ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳು ಬರುತ್ತಿದ್ದವು. ಅವುಗಳಲ್ಲಿ ಕೊನೆಯದಾದ 'ದ್ವಾರಕಾ' 1982ರವರೆಗೂ ಓಡಿತು. ಅದೇ ಕಂಪನಿಯ 'ದಾರಾ' 1961ರ ಏಪ್ರಿಲ್ 7ರಂದು ದುಬೈ ಮುಂದೆ ಲಂಗರು ಹಾಕಿತ್ತು. ಬಿರುಗಾಳಿ ಎದ್ದದ್ದರಿಂದ ಕಪ್ತಾನ ಹಡಗನ್ನು ಆಳ ಸಮುದ್ರಕ್ಕೆ ಒಯ್ದ. ಬೀಳ್ಕೊಡಲು ಬಂದಿದ್ದ ನೆಂಟರಿಷ್ಟರು, ಸರಕು ಇಳಿಸುವವರು, ದಡದ ನೌಕರರು ಇಳಿಯಲಾಗದೆ ಹಡಗಿನಲ್ಲೇ ಉಳಿದರು. ಮರುದಿನ ನಸುಕಿನಲ್ಲಿ ಸ್ಫೋಟ, ಬೆಂಕಿ. 238 ಜನ ಸತ್ತರು. ಟಿಕೆಟ್ ಪಡೆಯದೆ, ಪಟ್ಟಿಯಲ್ಲಿ ಹೆಸರಿಲ್ಲದೆ ಹಡಗಿನಲ್ಲಿದ್ದವರ ಮನೆಯವರ ಪಾಡು ಊಹಿಸಿಕೊಳ್ಳಿ. ಪಟ್ಟಿಯಲ್ಲಿ ಹೆಸರಿರುವುದೂ ಒಂದು ಆಸರೆ.

ವಿಮಾನಗಳ ವಿಷಯಕ್ಕೆ ಬಂದರೆ ಮೂಲ ದಾಖಲೆ 1944ರ ಷಿಕಾಗೊ ಒಪ್ಪಂದ. ಅದರ 29ನೇ ವಿಧಿಯ ಪ್ರಕಾರ ವಿಮಾನದಲ್ಲಿ ಪ್ರಯಾಣಿಕರ ಹೆಸರು, ಹತ್ತಿದ ಊರು, ಇಳಿಯುವ ಊರು ಬರೆದ ಪಟ್ಟಿ ಇರಬೇಕು. ಇಷ್ಟೇ, ಮೂರು ಕಾಲಂ. ಜನ್ಮದಿನವಿಲ್ಲ, ಫೋನಿಲ್ಲ.

ಉಳಿದವು ಎರಡು ದಾರಿಯಿಂದ ಬಂದವು. ಮೊದಲನೆಯದು ವ್ಯಾಪಾರ. 1960ರ ದಶಕದಲ್ಲಿ ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಸೇರಿ 'ಸೇಬರ್' ಎಂಬ ಕಂಪ್ಯೂಟರ್ ವ್ಯವಸ್ಥೆ ಕಟ್ಟಿದವು. ಅಂಥ ವ್ಯವಸ್ಥೆಗಳಲ್ಲಿ ಪ್ರತಿ ಬುಕಿಂಗಿನ ಕಡತಕ್ಕೆ ಪಿಎನ್ಆರ್ ಎಂದು ಹೆಸರು. ರೈಲಿನ ಪಿಎನ್ಆರ್ ನಮಗೆಲ್ಲ ಗೊತ್ತು, ಇದು ಅದರ ಅಣ್ಣ. ಸೀಟು, ಊಟ, ದುಡ್ಡು ಕೊಟ್ಟ ಬಗೆ, ಜೊತೆಯಲ್ಲಿ ಬುಕ್ ಆದವರು, ಎಲ್ಲವೂ ಅದರೊಳಗೆ. ಇದು ಸೀಟು ಮಾರಲು ಮಾಡಿಕೊಂಡ ಕಿರ್ದಿ, ಪೊಲೀಸರಿಗಾಗಿ ಮಾಡಿದ್ದಲ್ಲ.

ಎರಡನೆಯದು ದುರಂತ. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್‌ಬಿ ಮೇಲೆ ಪ್ಯಾನ್ ಆ್ಯಮ್ ವಿಮಾನ ಬಾಂಬಿಗೆ ಸಿಡಿಯಿತು. ನೆಲದ ಮೇಲಿದ್ದವರೂ ಸೇರಿ 270 ಸಾವು. ಸತ್ತವರ ಮನೆಯವರಿಗೆ ಸುದ್ದಿ ಮುಟ್ಟಿಸುವಲ್ಲಿ ಆದ ಎಡವಟ್ಟುಗಳಿಂದ ನೊಂದ ಕುಟುಂಬಗಳು ಹೋರಾಡಿದವು. 1990ರಲ್ಲಿ ಅಮೆರಿಕದಲ್ಲಿ ಕಾಯ್ದೆ ಬಂತು, 1998ರಿಂದ ವಿಮಾನ ಕಂಪನಿಗಳು ಪ್ರಯಾಣಿಕರ ಪೂರ್ಣ ಹೆಸರು ಪಡೆದು, ತುರ್ತು ಸಂಪರ್ಕವನ್ನು ಕೇಳುವ ನಿಯಮ ಜಾರಿಯಾಯಿತು. ನಾವು ಬೇಸರದಿಂದ ಖಾಲಿ ಬಿಡುವ ಆ ಕಾಲಂಗೆ ಆ ಕುಟುಂಬಗಳ ಕಣ್ಣೀರೇ ವೋಚರ್.

ಅದೇ 1988ರಲ್ಲಿ ಅಮೆರಿಕದ ಕಸ್ಟಮ್ಸ್ ಇಲಾಖೆ ವಿಮಾನ ಇಳಿಯುವ ಮುಂಚೆ ಪಾಸ್‌ಪೋರ್ಟ್ ವಿವರ ಕಳಿಸುವ ವ್ಯವಸ್ಥೆ ಶುರುಮಾಡಿತ್ತು. ಸಾಲು ಬೇಗ ಕರಗಲೆಂದು, ಇಷ್ಟವಿದ್ದ ಕಂಪನಿಗಳಿಗೆ ಮಾತ್ರ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಅದೇ ನವೆಂಬರಿನಲ್ಲಿ ಅದು ಕಡ್ಡಾಯವಾಯಿತು. 2008ರಿಂದ ವಿಮಾನದ ಬಾಗಿಲು ಮುಚ್ಚುವ ಮುನ್ನವೇ ವಿವರ ಹೋಗಬೇಕು. 2009ರಿಂದ ಹೆಸರು, ಜನ್ಮದಿನ, ಲಿಂಗ ಮೂರನ್ನೂ ಸರ್ಕಾರವೇ ಪಟ್ಟಿಗಳಿಗೆ ಹೋಲಿಸಿ ನೋಡತೊಡಗಿತು. ಹೆಸರು ಒಂದೇ ಆದರೂ ಮನುಷ್ಯ ಬೇರೆ ಎಂದು ಬೇರ್ಪಡಿಸುವುದಕ್ಕೂ ಜನ್ಮದಿನ ಬೇಕು. ಸೌಕರ್ಯಕ್ಕೆ ತೆರೆದ ಬಾಗಿಲು ಹದಿಮೂರು ವರ್ಷಗಳಲ್ಲಿ ಕಡ್ಡಾಯದ ಗೇಟಾಯಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2014 ಮತ್ತು 2017ರ ನಿರ್ಣಯಗಳಿಂದ ಇದನ್ನು ಎಲ್ಲ ದೇಶಗಳಿಗೂ ಒಯ್ದಿತು.

ಸೀಟು ಮಾರುವ ಕಿರ್ದಿಯನ್ನೂ ಅಮೆರಿಕ ಕೇಳಿದಾಗ ಯೂರೋಪಿನಲ್ಲಿ ಜಗಳ ಎದ್ದಿತು. ವಿಶೇಷ ಊಟದ ಕೋರಿಕೆಯಿಂದ ಮನುಷ್ಯನ ಧರ್ಮ ಊಹಿಸಬಹುದಲ್ಲ ಎಂಬುದು ಒಂದು ತಕರಾರು. ಸಸ್ಯಾಹಾರಿ ಊಟ, ಜೈನ ಊಟ ಎಂದು ಗುರುತು ಹಾಕುವ ನಮಗೆ ಅದು ಅರ್ಥವಾಗುವ ಮಾತು. 2004ರ ಒಪ್ಪಂದವನ್ನು ಯೂರೋಪಿನ ನ್ಯಾಯಾಲಯ 2006ರಲ್ಲಿ ರದ್ದು ಮಾಡಿತು. 2007ರ ಒಪ್ಪಂದದಲ್ಲಿ ವಿವರವನ್ನು 15 ವರ್ಷ ಇಟ್ಟುಕೊಳ್ಳಲು ಅವಕಾಶ. ಯೂರೋಪ್ ತನಗೇ ಮಾಡಿಕೊಂಡ 2016ರ ನಿಯಮದಲ್ಲಿ 5 ವರ್ಷ, ಅದರಲ್ಲೂ 6 ತಿಂಗಳ ಮೇಲೆ ಹೆಸರು ಮರೆಮಾಡಬೇಕು. ಅದನ್ನೂ 2022ರ ಜೂನಿನಲ್ಲಿ ನ್ಯಾಯಾಲಯ ಬಿಗಿ ಮಾಡಿತು. ಯಾವ ಅನುಮಾನಕ್ಕೂ ಆಧಾರವಿಲ್ಲದ ಪ್ರಯಾಣಿಕರ ವಿವರವನ್ನು 6 ತಿಂಗಳ ಮೇಲೆ ಇಟ್ಟುಕೊಳ್ಳುವಂತಿಲ್ಲ.

ಅದೇ ವರ್ಷದ ಆಗಸ್ಟಿನಲ್ಲಿ ಭಾರತದ ಕಸ್ಟಮ್ಸ್ ನಿಯಮವೂ ಬಂತು. ದೇಶಕ್ಕೆ ಬರುವ, ಹೋಗುವ ವಿಮಾನಗಳ ಪಿಎನ್ಆರ್ ವಿವರ ಹೊರಡುವ 24 ಗಂಟೆ ಮುಂಚೆ ಇಲಾಖೆಗೆ ಹೋಗಬೇಕು, 5 ವರ್ಷ ಅಲ್ಲಿರುತ್ತದೆ. ಕಂಪನಿಯ ಲೆಕ್ಕಪುಸ್ತಕ 8 ವರ್ಷ ಇಡಬೇಕೆಂದು ನಮ್ಮ ಕಾನೂನು ಹೇಳುತ್ತದೆ. ಅದರಲ್ಲಿ ತಪ್ಪಿದ್ದರೆ ತಿದ್ದುವ ದಾರಿ ನನಗೆ ಗೊತ್ತು. ನನ್ನ ಪ್ರಯಾಣದ ಪುಸ್ತಕದಲ್ಲಿ ತಪ್ಪಿದ್ದರೆ ಯಾರನ್ನು ಕೇಳಬೇಕು? ವಿವರ ಕೊಡುವುದಕ್ಕೆ ನನ್ನ ತಕರಾರಿಲ್ಲ. ಯಾಕೆ, ಎಷ್ಟು ಕಾಲ, ತಪ್ಪಾದರೆ ಯಾರು ತಿದ್ದುತ್ತಾರೆ ಎಂಬ ಮೂರು ಪ್ರಶ್ನೆಗೆ ಉತ್ತರವಿಲ್ಲದ ಕಾಲಂ ಇರಬಾರದು ಎಂಬುದಷ್ಟೇ ನನ್ನ ವಾದ.

ಇನ್ನು ಅಪ್ಪನ ಹೆಸರು. ಯಂತ್ರ ಓದುವ ಪಾಸ್‌ಪೋರ್ಟಿಗೆ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 1980ರಲ್ಲಿ. ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲುಗಳಲ್ಲಿ ಮೊದಲನೆಯದರಲ್ಲಿ ಹೆಸರಿಗೆ 39 ಅಕ್ಷರದ ಜಾಗ. ಆ ಮಾನದಂಡ ಒಂದೇ ಹೆಸರನ್ನು ಒಪ್ಪುತ್ತದೆ! ಎರಡು ಹೆಸರು ಬೇಕೇಬೇಕೆಂದು ಹಟ ಹಿಡಿಯುವುದು ಸರ್‌ನೇಮ್ ಇರುವವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಬುಕಿಂಗ್ ಫಾರಂ. ಊರಿನ, ತಂದೆಯ ಹೆಸರಿನ ಮೊದಲಕ್ಷರವನ್ನು ಮುಂದಿಟ್ಟುಕೊಳ್ಳುವ ನಮ್ಮ ಪದ್ಧತಿ ಅದರ ಲೆಕ್ಕಕ್ಕೆ ಬಂದಿಲ್ಲ. ಅಮೆರಿಕದ ವೀಸಾದಲ್ಲಿ ಒಂಟಿ ಹೆಸರಿನವರಿಗೆ 'ಎಫ್ಎನ್‌ಯು', ಅಂದರೆ ಮೊದಲ ಹೆಸರು ತಿಳಿಯದು, ಎಂದು ಬರೆಯುತ್ತಾರೆ. ಇಲ್ಲೇ ಯುಎಇಯಲ್ಲಿ 2022ರ ನವೆಂಬರಿನಲ್ಲಿ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲವೆಂಬ ಸೂಚನೆ ಹೊರಟು ನಮ್ಮವರೆಲ್ಲ ಗಾಬರಿಯಾದದ್ದು ನೆನಪಿರಬಹುದು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕೆಂಬ ಸ್ಪಷ್ಟನೆ ಆಮೇಲೆ ಬಂತು.

ಕೊನೆಯದಾಗಿ ಇಲ್ಲಿರುವ ಯಾರೂ ಮರೆಯದ ಒಂದು ದಿನ. 2010ರ ಮೇ 22. ದುಬೈನಿಂದ ಹೊರಟ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಜನ ಹೋದರು. ನಾನು ಬಂದು ಎರಡು ವರ್ಷವಾಗಿತ್ತು. ಆ ಶನಿವಾರ ನಮ್ಮ ಕಟ್ಟಡದಲ್ಲಿ ಯಾರ ಬಾಯಲ್ಲೂ ಬೇರೆ ಮಾತಿರಲಿಲ್ಲ, "ಲಿಸ್ಟ್ ಬಂತಾ?" ಎಂಬುದೊಂದೇ. ಪಟ್ಟಿ ಬಂದಾಗ ಒಬ್ಬರು ಜೋರಾಗಿ ಓದಿದರು, ಉಳಿದವರು ಉಸಿರು ಹಿಡಿದು ನಿಂತಿದ್ದೆವು. ಒಂದಕ್ಷರ ಹೆಚ್ಚುಕಡಿಮೆಯಾದ ಹೆಸರು ಬಂದಾಗ "ಅವನೇನಾ?" ಎಂದು ಮುಖ ಮುಖ ನೋಡಿಕೊಂಡದ್ದು ಇನ್ನೂ ಕಣ್ಣಮುಂದಿದೆ. ಆ ಹೊತ್ತಿನಲ್ಲಿ ಪಟ್ಟಿ ಸರ್ಕಾರದ್ದಾಗಿರಲಿಲ್ಲ, ವಿಮಾನ ಕಂಪನಿಯದೂ ಆಗಿರಲಿಲ್ಲ. ಅದು ನಮ್ಮದಾಗಿತ್ತು.

ಹಾಗಾಗಿ ನನ್ನ ಕೋರಿಕೆ ಸಣ್ಣದು. ಊರಿನಿಂದ ಅಪ್ಪ ಅಮ್ಮನನ್ನು ಕರೆಸುವಾಗ ಪಾಸ್‌ಪೋರ್ಟ್, ವೀಸಾ, ಟಿಕೆಟ್ ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೊಂದಕ್ಷರ ತಾಳೆ ನೋಡಿ. ತುರ್ತು ಸಂಪರ್ಕದ ಕಾಲಂ ಖಾಲಿ ಬಿಡಬೇಡಿ, ಅಲ್ಲಿ ನಿಮ್ಮ ಜೊತೆ ಹೊರಟವರ ಫೋನ್ ಬರೆಯಬೇಡಿ. ನಮ್ಮ ಸಂಘ ಒಂಟಿ ಹೆಸರಿನ ತೊಂದರೆಗಳನ್ನು ಒಟ್ಟುಗೂಡಿಸಿ ರಾಯಭಾರ ಕಚೇರಿಗೆ ಬರೆಯಲಿ, ಕರಡು ನಾನು ಮಾಡಿಕೊಡುತ್ತೇನೆ.

ಅಪ್ಪ ಆಮೇಲೆ ಪಾಸ್‌ಪೋರ್ಟ್ ಬದಲಿಸಿದರು. "ಎಪ್ಪತ್ತಮೂರಕ್ಕೆ ಹೊಸದಾಗಿ ನಾಮಕರಣವೇನೋ?" ಎಂದು ನಕ್ಕು, ಸರ್‌ನೇಮ್ ಕಾಲಂನಲ್ಲಿ ನಮ್ಮ ಹಳ್ಳಿಯ ಹೆಸರು ಬರೆಸಿದರು. ಮುಂದಿನ ವರ್ಷ ಬಂದರು. ಮೊಮ್ಮಗಳು ಹಾಲಿನಲ್ಲೇ ಗೆಜ್ಜೆ ಕಟ್ಟಿ ಅವರೊಬ್ಬರಿಗಾಗಿ ಕುಣಿದಳು.